ಒಂದು ಗೆರೆ, ಎರಡು ಗೆರೆ, ಯಾವ ವಾರ್ಡು?

ಜ್ವರದ ಕಾಲ ಬಂತೆಂದರೆ ಆಸ್ಪತ್ರೆಯ ಬಾಗಿಲಲ್ಲೇ ಮೂಗಿಗೆ ಕಡ್ಡಿ ಹಾಕಿ, ಕಾಲು ಗಂಟೆಯಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಹೇಳುವ ಕಾರ್ಡ್ ಟೆಸ್ಟ್‌ಗಳ ಕುರಿತು ಪತ್ರಗಳು ಬರತೊಡಗುತ್ತವೆ. ಈ ಬಾರಿ ಆಸ್ಪತ್ರೆಗಳ ಒಳಗೆ ಕೆಲಸ ಮಾಡುವವರೇ ಹೆಚ್ಚಾಗಿ ಬರೆದಿದ್ದಾರೆ. ಸೂಕ್ಷ್ಮಜೀವಿ ಶಾಸ್ತ್ರ ಮತ್ತು ತುರ್ತು ಚಿಕಿತ್ಸೆಯ ತಜ್ಞರು ಉತ್ತರಿಸಿದ್ದಾರೆ.

ನಮ್ಮದು ತಾಲ್ಲೂಕು ಆಸ್ಪತ್ರೆ. ಸಂಜೆಯಾದರೆ ಕ್ಯಾಷುಯಲ್ಟಿಯಲ್ಲಿ ಜ್ವರ, ಕೆಮ್ಮಿನವರ ಸಾಲು. ಕೋವಿಡ್ ಮತ್ತು ಫ್ಲೂ ಎರಡನ್ನೂ ನೋಡುವ ಕಾರ್ಡ್‌ಗಳು ಬಂದಿವೆ, ಆದರೆ ಲೆಕ್ಕವಾಗಿ ಬಳಸಿ ಎಂದಿದ್ದಾರೆ. ಯಾರಿಗೆ ಮಾಡಬೇಕು, ಯಾರಿಗೆ ಬೇಡ?
— ಶುಶ್ರೂಷಾಧಿಕಾರಿ, ಹಾಸನ ಜಿಲ್ಲೆ

ಕಾರ್ಡ್‌ನ ಪೊಟ್ಟಣ ಹರಿಯುವ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿ. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬೇಡ. ಆಮ್ಲಜನಕ ಶೇ 94ಕ್ಕಿಂತ ಕಡಿಮೆ, ಅಥವಾ ಉಸಿರು ನಿಮಿಷಕ್ಕೆ 24 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೊದಲು ಆಕ್ಸಿಜನ್, ಮೊದಲು ಡಾಕ್ಟರು. ಕಾರ್ಡ್ ಆಮೇಲೆ. ಯಾವ ವೈರಸ್ ಎಂದು ಗೊತ್ತಾಗುವವರೆಗೆ ಉಸಿರಾಟ ಕಾಯುವುದಿಲ್ಲ.

ಉಳಿದವರ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರು ಇವತ್ತು ರಾತ್ರಿ ಇಲ್ಲಿ ಮಲಗುತ್ತಾರೆಯೇ? ಇಲ್ಲ ಎಂದಾದರೆ ಬಹುಪಾಲು ಮಂದಿಗೆ ಕಾರ್ಡ್ ಬೇಕಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಫ್ಲೂ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸಣ್ಣ ಜ್ವರ, ಗಂಟಲು ನೋವಿನ ‘ಎ’ ವರ್ಗಕ್ಕೆ ಪರೀಕ್ಷೆಯೂ ಬೇಡ, ಫ್ಲೂ ಔಷಧ ಒಸೆಲ್ಟಾಮಿವಿರ್ ಕೂಡ ಬೇಡ. ‘ಬಿ’ ವರ್ಗದಲ್ಲಿ ಗರ್ಭಿಣಿಯರು, ವೃದ್ಧರು, ಶ್ವಾಸಕೋಶ, ಹೃದಯ, ಮೂತ್ರಪಿಂಡದ ಕಾಯಿಲೆಯವರು, ಸಕ್ಕರೆ ಕಾಯಿಲೆಯವರು ಇದ್ದರೆ ಪರೀಕ್ಷೆಗೆ ಕಾಯದೆ ಔಷಧ. ಉಸಿರಾಟದ ತೊಂದರೆ, ಎದೆನೋವು, ರಕ್ತದೊತ್ತಡದ ಕುಸಿತ, ಮಂಪರು ಕಂಡ ‘ಸಿ’ ವರ್ಗಕ್ಕೆ ದಾಖಲಾತಿ, ಪರೀಕ್ಷೆ, ಚಿಕಿತ್ಸೆ ಮೂರೂ ಒಟ್ಟಿಗೆ. ನಿಮ್ಮ ಕಾರ್ಡ್‌ಗಳು ಇವರಿಗೆ ಮೀಸಲಾಗಿರಲಿ. ಬೇರೆ ಕಾರಣಕ್ಕೆ, ಅಂದರೆ ಹೆರಿಗೆಗೋ ಮೂಳೆ ಮುರಿದೋ ದಾಖಲಾಗುತ್ತಿರುವವರಿಗೆ ಜ್ವರ, ಕೆಮ್ಮು ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ತುಂಬಿದ ವಾರ್ಡಿಗೆ ವೈರಸ್ ನುಸುಳುವುದು ಹೆಚ್ಚಾಗಿ ಈ ದಾರಿಯಲ್ಲೇ.

ಇನ್ನು ಜಾಗ. ಪಾಸಿಟಿವ್ ಒಂದು ಕಡೆ, ನೆಗೆಟಿವ್ ಒಂದು ಕಡೆ ಎಂದು ಎರಡೇ ಭಾಗ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಬೇಕಾದದ್ದು ಮೂರು. ಕಾರ್ಡ್ ಪಾಸಿಟಿವ್ ಆದವರು ಒಂದು ಕಡೆ; ಅವರಲ್ಲೂ ಒಂದೇ ವೈರಸ್‌ನವರು ಮಾತ್ರ ಒಂದೇ ಕೋಣೆಯಲ್ಲಿ, ಕೋವಿಡ್ ಮತ್ತು ಫ್ಲೂ ರೋಗಿಗಳು ಅಕ್ಕಪಕ್ಕ ಬೇಡ. ಲಕ್ಷಣವಿದ್ದೂ ಕಾರ್ಡ್ ನೆಗೆಟಿವ್ ಆದವರು ಎರಡನೆಯ ಕಡೆ, ಪಿಸಿಆರ್ (ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ) ಫಲಿತಾಂಶ ಬರುವವರೆಗೆ. ಲಕ್ಷಣವೇ ಇಲ್ಲದವರು ಸಾಮಾನ್ಯ ವಾರ್ಡಿಗೆ. ಈ ನಡುವಿನ ಕೋಣೆಯೇ ನಿಜವಾದ ತಲೆನೋವು. ಒಬ್ಬೊಬ್ಬರಿಗೂ ಪ್ರತ್ಯೇಕ ಕೋಣೆ ಕೊಡಲು ಯಾವ ತಾಲ್ಲೂಕು ಆಸ್ಪತ್ರೆಗೂ ಆಗದು. ಹಾಸಿಗೆಗಳ ನಡುವೆ ಒಂದು ಮೀಟರಿಗೆ ಕಡಿಮೆಯಿಲ್ಲದ ಅಂತರ, ರೋಗಿಗೆ ಮಾಸ್ಕ್, ಎದುರುಬದುರು ತೆರೆದ ಕಿಟಕಿ, ಜೊತೆಗೆ ಒಬ್ಬರೇ ಆರೈಕೆದಾರರು, ಇಷ್ಟಾದರೂ ಆಗಬೇಕು.

ವಾರ್ಡಿನ ಹತ್ತಿರವೇ ಬೇಗ ಫಲಿತಾಂಶ ಬಂದರೆ ಏನು ಲಾಭ ಎಂಬುದಕ್ಕೆ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಆಸ್ಪತ್ರೆಯ ಲೆಕ್ಕವಿದೆ. 2020ರ ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿ ತುರ್ತು ವಿಭಾಗದ ಪಕ್ಕದಲ್ಲೇ ಪಿಸಿಆರ್ ಯಂತ್ರ ಇಟ್ಟು ನೋಡಿದರು. ಫಲಿತಾಂಶಕ್ಕೆ ಹಿಡಿದ ಸಮಯ ಸುಮಾರು 1.7 ಗಂಟೆ, ಲ್ಯಾಬಿಗೆ ಕಳಿಸಿದವರಿಗೆ 21.3 ಗಂಟೆ. ರೋಗಿಗಳು ತಮಗೆ ಸರಿಯಾದ ವಾರ್ಡ್ ಸೇರಿದ್ದೂ ಬೇಗ, ನಡುವೆ ಹಾಸಿಗೆ ಬದಲಾಯಿಸಿದ್ದೂ ಕಡಿಮೆ. ಒಬ್ಬ ರೋಗಿಯನ್ನು ಎರಡು ವಾರ್ಡು ಸುತ್ತಾಡಿಸಿದರೆ ಎರಡು ವಾರ್ಡಿನವರೂ ಸಂಪರ್ಕಿತರಾಗುತ್ತಾರೆ ಎಂಬುದನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ.

ಮೂಗಿನ ಸ್ವಾಬ್ ತೆಗೆಯುವಾಗ ರೋಗಿಗಳು ಕಿರುಚಿಕೊಳ್ಳುತ್ತಾರೆ. ಆಳಕ್ಕೆ ಹೋಗದೆ ಮೂಗಿನ ಮುಂಭಾಗದಲ್ಲೇ ತೆಗೆದರೆ ಸಾಲದೇ?
— ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

ಕಿಟ್ ಮೂಗಿನ ಮುಂಭಾಗದ ಸ್ವಾಬ್‌ಗೆಂದೇ ತಯಾರಾಗಿದ್ದರೆ ಸಾಕು. ಅದರ ಜೊತೆ ಬರುವ ಕರಪತ್ರ ನೋಡಿ. ಆಳದ ಸ್ವಾಬ್ ಕೇಳುವ ಕಿಟ್‌ಗೆ ಮೂಗಿನ ಹೊಳ್ಳೆ ಒರೆಸಿ ಹಾಕಿದರೆ, ಇರುವ ವೈರಸ್ಸೂ ಕಾಣುವುದಿಲ್ಲ.

ನೋವಾಗುವುದು ಹೆಚ್ಚಾಗಿ ದಿಕ್ಕು ತಪ್ಪುವುದರಿಂದ. ಕಡ್ಡಿಯನ್ನು ಹಣೆಯ ಕಡೆ ಮೇಲಕ್ಕೆ ತಳ್ಳುತ್ತಾರೆ; ಅದು ಹೋಗಬೇಕಾದದ್ದು ಅಂಗುಳಕ್ಕೆ ಸಮಾನಾಂತರವಾಗಿ, ಕಿವಿಯ ದಿಕ್ಕಿಗೆ. ರೋಗಿ ಮೊದಲು ಮೂಗಿನ ಸಿಂಬಳ ತೆಗೆಯಲಿ, ತಲೆ ಹಿಂದಕ್ಕೆ ವಾಲಿಸಲಿ. ಮೂಗಿನ ಹೊಳ್ಳೆಯಿಂದ ಕಿವಿಯವರೆಗಿನ ದೂರವನ್ನು ಕಣ್ಣಳತೆ ಹಿಡಿದು, ಅಷ್ಟು ಆಳಕ್ಕೆ ಮೆಲ್ಲಗೆ ಇಳಿಸಿ. ತಡೆ ಸಿಕ್ಕಿದಲ್ಲಿ ಕೆಲವು ಸೆಕೆಂಡ್ ನಿಲ್ಲಿಸಿ, ತಿರುಗಿಸಿ, ತಿರುಗಿಸುತ್ತಲೇ ಹೊರಗೆ ತನ್ನಿ. ಅರ್ಧ ದಾರಿಯಲ್ಲೇ ಗಟ್ಟಿಯಾಗಿ ತಡೆದರೆ ಒತ್ತಬೇಡಿ. ಮೂಗಿನ ನಡುಗೋಡೆ ಸೊಟ್ಟಗಿರಬಹುದು, ಇನ್ನೊಂದು ಹೊಳ್ಳೆ ನೋಡಿ. ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿ. ತಾಯಿ ಒಂದು ಕೈಯಿಂದ ಹಣೆಯನ್ನೂ ಇನ್ನೊಂದರಿಂದ ಎರಡೂ ಕೈಗಳನ್ನೂ ಹಿಡಿದುಕೊಳ್ಳಲಿ.

ಪ್ಲೇಟ್‌ಲೆಟ್ ತೀರಾ ಇಳಿದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಆಳದ ಸ್ವಾಬ್ ಹಾಕುವ ಮೊದಲು ಡಾಕ್ಟರನ್ನು ಕೇಳಿ. ಡೆಂಗಿ ಶಂಕೆಯ ರೋಗಿಗೆ ಕೆಮ್ಮೇ ಇಲ್ಲದಿದ್ದರೂ ‘ಎಲ್ಲರಿಗೂ ಮಾಡುತ್ತೇವೆ’ ಎಂದು ಮೂಗಿಗೆ ಕಡ್ಡಿ ಹಾಕಿ ರಕ್ತ ಬರಿಸಿಕೊಳ್ಳುವುದು ನಾವಾಗಿ ತಂದುಕೊಂಡ ಕಷ್ಟ. ಸ್ವಾಬ್ ತೆಗೆಯುವವರಿಗೆ ಎನ್-95 ಮಾಸ್ಕ್, ಕೈಗವಸು, ಕಣ್ಣಿಗೆ ಕನ್ನಡಕ ಅಥವಾ ಮುಖಕವಚ ಇರಲೇಬೇಕು.

ಒಂದೇ ಪೆಟ್ಟಿಗೆಯ ಕಾರ್ಡ್‌ಗಳಲ್ಲಿ ಒಂದು ದಿನ ಸಾಲು ಸಾಲು ಪಾಸಿಟಿವ್, ಇನ್ನೊಂದು ದಿನ ಗೆರೆಯೇ ಮೂಡದ ಕಾರ್ಡ್‌ಗಳು. ಕಿಟ್ ಕೆಟ್ಟಿದೆಯೋ, ನಮ್ಮ ಕೈ ಕೆಟ್ಟಿದೆಯೋ?
— ಲ್ಯಾಬ್ ಟೆಕ್ನೀಷಿಯನ್, ಕಲಬುರಗಿ

ಎರಡೂ ಇರಬಹುದು, ಒಂದೊಂದಾಗಿ ತಳ್ಳಿಹಾಕುತ್ತ ಬನ್ನಿ.

ಮೊದಲು ಉಷ್ಣತೆ. ಈ ಕಾರ್ಡ್‌ಗಳನ್ನು ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ನಿಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಕೆಳಗಿನ ಮೇಜೂ 40 ಡಿಗ್ರಿಯ ಹತ್ತಿರ ಇರುತ್ತದೆ. ಕಾರ್ಡ್‌ನ ಒಳಗಿರುವುದು ಕಾಗದದಂಥ ಪಟ್ಟಿಯ ಮೇಲೆ ಒಣಗಿಸಿಟ್ಟ ಪ್ರತಿಕಾಯ, ಅಂದರೆ ಪ್ರೋಟೀನು; ಬಿಸಿಗೆ ಅದು ಸೊರಗುತ್ತದೆ. ಫ್ರಿಜ್‌ನಲ್ಲಿಟ್ಟಿದ್ದರೆ ಅದಕ್ಕೆ ತಿರುಗಾ ತೊಂದರೆ: ತಣ್ಣಗಿರುವಾಗಲೇ ಪೊಟ್ಟಣ ಹರಿದರೆ ಪಟ್ಟಿಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ದ್ರವ ಸರಿಯಾಗಿ ಹರಿಯುವುದಿಲ್ಲ. ಹೊರಗೆ ತೆಗೆದು ಅರ್ಧ ಗಂಟೆ ಮುಚ್ಚಿಯೇ ಇಡಿ, ಆಮೇಲೆ ಹರಿಯಿರಿ. ಒಳಗಿನ ತೇವ ಹೀರುವ ಪುಟ್ಟ ಚೀಲದ ಬಣ್ಣ ಬದಲಾಗಿದ್ದರೆ ಆ ಕಾರ್ಡ್ ಬೇಡ. ಹತ್ತು ರೋಗಿಗಳು ಕಾಯುತ್ತಿದ್ದಾರೆಂದು ಹತ್ತು ಪೊಟ್ಟಣ ಒಟ್ಟಿಗೆ ಹರಿದಿಡುವುದೂ ಬೇಡ.

ಎರಡನೆಯದು ಹನಿ. ಸ್ವಾಬ್ ಅನ್ನು ದ್ರಾವಣದ ನಳಿಕೆಯಲ್ಲಿ ಐದಾರು ಸಲವಾದರೂ ತಿರುವಿ, ನಳಿಕೆಯ ಗೋಡೆಯನ್ನು ಹಿಂಡಿ ಹೊರತೆಗೆಯಬೇಕು. ಹಿಂಡದಿದ್ದರೆ ವೈರಸ್ಸೆಲ್ಲ ಸ್ವಾಬ್‌ನಲ್ಲೇ ಉಳಿಯುತ್ತದೆ. ಕಿಟ್ ಹೇಳಿದಷ್ಟೇ ಹನಿ. ನಮ್ಮಲ್ಲಿ ಹೆಚ್ಚು ಬಳಕೆಯಾದ ಕೋವಿಡ್ ಕಾರ್ಡ್ ಒಂದಕ್ಕೆ ಮೂರು. ನಳಿಕೆಯನ್ನು ನೆಟ್ಟಗೆ ಹಿಡಿಯಿರಿ. ಓರೆಯಾಗಿ ಹಿಡಿದರೆ ಹನಿ ಸಣ್ಣದಾಗುತ್ತದೆ, ಗುಳ್ಳೆ ಬಿದ್ದರೆ ಹನಿಯೇ ಅಲ್ಲ. ಕಡಿಮೆಯಾದರೆ ದ್ರವ ನಡುದಾರಿಯಲ್ಲೇ ನಿಂತು, ಕಾರ್ಡ್ ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ (ಕಂಟ್ರೋಲ್) ಗೆರೆಯೂ ಮೂಡುವುದಿಲ್ಲ. ಹೆಚ್ಚಾದರೆ ಪಟ್ಟಿ ತುಂಬಿ ತುಳುಕಿ ಹಿನ್ನೆಲೆಯೆಲ್ಲ ಕೆಂಪಾಗುತ್ತದೆ. ಗಟ್ಟಿ ಸಿಂಬಳವೂ ರಕ್ತವೂ ದ್ರವವನ್ನು ತಡೆಯುತ್ತವೆ. ಒಂದು ಕಿಟ್‌ನ ದ್ರಾವಣವನ್ನು ಇನ್ನೊಂದು ಕಿಟ್‌ನ ಕಾರ್ಡ್‌ಗೆ ಎಂದೂ ಹಾಕಬಾರದು. ದ್ರಾವಣ ಮುಗಿದಾಗ ಸಲೈನ್ ಹಾಕಿ ಕೆಲಸ ಸಾಗಿಸುವ ಜಾಣರೂ ಇದ್ದಾರೆ. ಸೋಂಕು ತೋರಿಸುವ ‘ಟಿ’ (ಟೆಸ್ಟ್) ಜಾಗದಲ್ಲಿ ಸುಳ್ಳು ಗೆರೆ ಕಾಣಿಸಿಕೊಳ್ಳುವ ದಾರಿಗಳಲ್ಲಿ ಅದೂ ಒಂದು. ಲ್ಯಾಬಿಗೆ ಕಳಿಸುವ ವಿಟಿಎಂ (ಮಾದರಿ ಕೆಡದಂತೆ ಕಾಯುವ ದ್ರಾವಣ) ನಳಿಕೆಯಲ್ಲಿ ಅದ್ದಿದ ಮಾದರಿಯನ್ನೂ, ಕಿಟ್ ಒಪ್ಪದ ಹೊರತು, ಕಾರ್ಡ್‌ಗೆ ಬಳಸಬೇಡಿ. ಎರಡು ಮೂರು ಎಂ.ಎಲ್.ನಲ್ಲಿ ಕರಗಿ ತೆಳುವಾಗಿರುತ್ತದೆ.

ಮೂರನೆಯದು ಗಡಿಯಾರ. ನಿಮ್ಮ ಸಾಲು ಸಾಲು ಪಾಸಿಟಿವ್‌ಗೆ ನಮ್ಮ ಮೊದಲ ಅನುಮಾನ ಇದರ ಮೇಲೇ. 15 ನಿಮಿಷಕ್ಕೆ ಓದಿ, 30 ದಾಟಿದ ಮೇಲೆ ಓದಬೇಡಿ ಎಂದಿದ್ದರೆ, ಊಟ ಮುಗಿಸಿ ಬಂದು ನೋಡಿದ ಮಸುಕು ಗೆರೆಗೆ ಅರ್ಥವಿಲ್ಲ. ಪಟ್ಟಿ ಒಣಗುವಾಗ ಬಣ್ಣದ ಕಣಗಳು ‘ಟಿ’ ಜಾಗದಲ್ಲಿ ಸಿಕ್ಕಿ ನೆರಳಿನಂಥ ಗೆರೆ ಬಿಡುತ್ತವೆ. ಆದರೆ ಸಮಯದೊಳಗೆ ಮೂಡಿದ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್. ‘ಸ್ವಲ್ಪ ಪಾಸಿಟಿವ್’ ಎಂದು ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ಕಾರ್ಡ್‌ನ ಅಂಚಿನಲ್ಲೇ ಪೆನ್ನಿನಿಂದ ರೋಗಿಯ ಸಂಖ್ಯೆ, ಹನಿ ಹಾಕಿದ ಸಮಯ, ಓದಬೇಕಾದ ಸಮಯ ಮೂರನ್ನೂ ಬರೆಯಿರಿ. ಒಬ್ಬರು ಒಂದು ಹೊತ್ತಿಗೆ ನಾಲ್ಕೈದಕ್ಕಿಂತ ಹೆಚ್ಚು ಕಾರ್ಡ್ ನಡೆಸಿದರೆ ಅದಲುಬದಲು ಶುರುವಾಗುತ್ತದೆ.

‘ಸಿ’ ಗೆರೆ ಮೂಡದ ಕಾರ್ಡ್ ನೆಗೆಟಿವ್ ಅಲ್ಲ, ಅಸಿಂಧು. ಹೊಸ ಸ್ವಾಬ್, ಹೊಸ ಕಾರ್ಡ್. ಹೊಸ ಲಾಟ್ (ಒಂದೇ ಸಲ ತಯಾರಾದ ಕಿಟ್‌ಗಳ ಗುಂಪು) ತೆರೆದಾಗಲೆಲ್ಲ, ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ವಾಬ್‌ಗಳನ್ನು, ಒಂದು ಪಾಸಿಟಿವ್ ಒಂದು ನೆಗೆಟಿವ್, ಓಡಿಸಿ ನೋಡಿ, ಲಾಟ್ ಸಂಖ್ಯೆ ಬರೆದಿಡಿ. ಕಂಟ್ರೋಲ್ ಸರಿಯಾಗಿ ಬಂದರೆ ತಪ್ಪು ಕೈಯದ್ದು, ಬರದಿದ್ದರೆ ಪೆಟ್ಟಿಗೆಯದ್ದು.

ತಂದೆಯವರಿಗೆ 68 ವರ್ಷ. ಜ್ವರ, ಕೆಮ್ಮು, ಸುಸ್ತು. ಕಾರ್ಡ್ ಟೆಸ್ಟ್ ನೆಗೆಟಿವ್ ಬಂದರೂ ಖಾಸಗಿ ಆಸ್ಪತ್ರೆಯವರು ಪ್ರತ್ಯೇಕ ಕೋಣೆಯಲ್ಲಿಟ್ಟು ಮತ್ತೊಂದು ಪರೀಕ್ಷೆಗೆ ಕಳಿಸಿದರು. ಬಿಲ್ ಏರಿಸಲು ಇದೊಂದು ದಾರಿಯೇ?
— ಓದುಗರು, ದಾವಣಗೆರೆ

ಬಿಲ್ಲಿನ ಬಗ್ಗೆ ಬಿಲ್ ನೋಡದೆ ಹೇಳಲಾರೆವು. ವೈದ್ಯರು ಮಾಡಿದ್ದು ಮಾತ್ರ ಸರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರ ಜೂನ್ 14ರಂದು ಮೊದಲ ಕೋವಿಡ್ ಆ್ಯಂಟಿಜೆನ್ ಕಾರ್ಡ್‌ಗೆ ಒಪ್ಪಿಗೆ ಕೊಟ್ಟಾಗಲೇ ಅದರ ಅಳತೆಯನ್ನು ಮುಚ್ಚಿಡದೆ ಹೇಳಿತ್ತು: ಸೋಂಕಿರುವವರಲ್ಲಿ ಅದು ಹಿಡಿಯುವುದು ಶೇ 50.6ರಿಂದ 84ರಷ್ಟು, ಸೋಂಕಿಲ್ಲದವರನ್ನು ಇಲ್ಲ ಎಂದು ಸರಿಯಾಗಿ ಹೇಳುವುದು ಶೇ 99.3ರಿಂದ 100. ಲಕ್ಷಣವಿದ್ದು ಕಾರ್ಡ್ ನೆಗೆಟಿವ್ ಆದವರಿಗೆ ಆರ್‌ಟಿ–ಪಿಸಿಆರ್ ಮಾಡಲೇಬೇಕು ಎಂಬ ಷರತ್ತೂ ಅದೇ ಆದೇಶದಲ್ಲಿತ್ತು. ಹಳೆಯ ಮಾದರಿಯ ಫ್ಲೂ ಕಾರ್ಡ್‌ಗಳೂ ಸುಮಾರು ಶೇ 50ರಿಂದ 70ರ ಒಳಗೇ.

ಇದನ್ನು ಹಾಸಿಗೆಯ ಲೆಕ್ಕಕ್ಕೆ ಇಳಿಸಿ ನೋಡಿ. ಅಲೆ ಜೋರಾಗಿರುವಾಗ ಜ್ವರ, ಕೆಮ್ಮಿನ 100 ಜನ ದಾಖಲಾದರು, ಅವರಲ್ಲಿ 30 ಜನರಿಗೆ ನಿಜಕ್ಕೂ ಸೋಂಕಿದೆ ಎನ್ನಿ. ಶೇ 60 ಹಿಡಿಯುವ ಕಾರ್ಡ್ 18 ಜನರನ್ನು ಹಿಡಿಯುತ್ತದೆ, 12 ಜನರನ್ನು ಬಿಡುತ್ತದೆ. ನೆಗೆಟಿವ್ ಚೀಟಿ ಹಿಡಿದ 82 ಜನರಲ್ಲಿ ಈ 12 ಮಂದಿ ಸೇರಿರುತ್ತಾರೆ, ಸುಮಾರು ಏಳಕ್ಕೊಬ್ಬರು. ಏಳು ಹಾಸಿಗೆಯ ಸಾಲಿನಲ್ಲಿ ಒಬ್ಬರು ಕೆಮ್ಮುತ್ತಾ ಹಂಚುತ್ತಿದ್ದರೆ ಉಳಿದ ಆರು ಜನರ ಗತಿಯೇನು? ನಿಮ್ಮ ತಂದೆಯವರನ್ನು ಪ್ರತ್ಯೇಕವಾಗಿಟ್ಟದ್ದು ಆ ಆರು ಜನರಿಗಾಗಿ. ತಂದೆಯವರಿಗೆ ಸೋಂಕಿಲ್ಲದಿದ್ದರೆ, ಪಾಸಿಟಿವ್ ಆದವರ ನಡುವೆ ಹಾಕದೆ ಉಳಿಸಿದ್ದು ಅವರಿಗಾಗಿಯೂ ಹೌದು.

ಅದೇ ಕಾರ್ಡ್ ಅಲೆ ಇಳಿದ ಮೇಲೆ ತಿರುಗಿ ಬೀಳುತ್ತದೆ. 1,000 ಜನರಲ್ಲಿ 20 ಜನರಿಗೆ ಮಾತ್ರ ಸೋಂಕು, ಕಾರ್ಡ್ ನೂರಕ್ಕೆ ಒಬ್ಬರಿಗೆ ಸುಳ್ಳು ಪಾಸಿಟಿವ್ ಕೊಡುತ್ತದೆ ಎಂದುಕೊಳ್ಳಿ. ಸರಿಯಾದ ಪಾಸಿಟಿವ್ 12, ಸುಳ್ಳು ಪಾಸಿಟಿವ್ ಸುಮಾರು 10. ಆಗ ಪಾಸಿಟಿವ್ ಕಂಡ ಕೂಡಲೇ ಸೋಂಕಿತರ ವಾರ್ಡಿಗೆ ತಳ್ಳುವುದು ತಪ್ಪಾಗುತ್ತದೆ. ಆ ಕಾಲದಲ್ಲಿ ಪಾಸಿಟಿವನ್ನೂ ಪಿಸಿಆರ್‌ನಿಂದ ಖಚಿತ ಮಾಡಿಕೊಳ್ಳಬೇಕು.

ಐವತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಮ್ಮದು. ಕಾರ್ಡ್ ಬಿಟ್ಟು ಪುಟ್ಟ ಪಿಸಿಆರ್ ಯಂತ್ರವನ್ನೇ ಕೊಳ್ಳೋಣವೆಂದಿದ್ದೇವೆ. ಯಾವುದು ಒಳ್ಳೆಯದು?
— ಆಡಳಿತಾಧಿಕಾರಿ, ಹುಬ್ಬಳ್ಳಿ

ನಮ್ಮ ಕಡೆ ಸಾಮಾನ್ಯವಾಗಿ ಕಾಣುವವು ಎರಡು, ಕ್ಷಯ ಪತ್ತೆಗೆಂದು ಬಂದು ಕೋವಿಡ್‌ನಲ್ಲಿ ಹೆಸರಾದವು.

ಟ್ರೂನ್ಯಾಟ್ ಗೋವಾದ ಮೋಲ್ಬಯೋ ಕಂಪನಿಯದು. ಎರಡು ಪೆಟ್ಟಿಗೆ: ಒಂದು ಮಾದರಿಯಿಂದ ಆರ್‌ಎನ್‌ಎ ಬೇರ್ಪಡಿಸುತ್ತದೆ, ಇನ್ನೊಂದು ಚಿಪ್ ಮೇಲೆ ಪಿಸಿಆರ್ ಮಾಡುತ್ತದೆ. ಎಲ್ಲ ಸೇರಿ ಒಂದು ಗಂಟೆಯ ಆಸುಪಾಸು. ಬ್ಯಾಟರಿಯ ಮೇಲೂ ನಡೆಯುತ್ತದೆ, ಕರೆಂಟ್ ಕೈಕೊಡುವ ಕಡೆ ಇದು ದೊಡ್ಡ ಮಾತು. ಸ್ವಾಬ್ ಅದ್ದುವ ದ್ರಾವಣವೇ ವೈರಸ್ಸನ್ನು ಒಡೆದುಹಾಕುವುದರಿಂದ ಸಿಬ್ಬಂದಿಗೂ ಅಪಾಯ ಕಡಿಮೆ. ಆದರೆ ನಡುವೆ ಕೈಕೆಲಸವಿದೆ. ಬೇರ್ಪಡಿಸಿದ ದ್ರವದಲ್ಲಿ 6 ಮೈಕ್ರೋಲೀಟರನ್ನು ಒಣ ರಾಸಾಯನಿಕವಿರುವ ನಳಿಕೆಗೆ ಹಾಕಿ, ಕರಗಿದ ಮೇಲೆ 6 ಮೈಕ್ರೋಲೀಟರನ್ನೇ ಚಿಪ್‌ನ ಗುಳಿಗೆ ಬಿಡಬೇಕು. ಗುಳ್ಳೆ ಬಿದ್ದರೂ, ಹೊರಗೆ ತುಳುಕಿದರೂ ಆ ಚಿಪ್ ಹೋಯಿತು. ಪಿಪೆಟ್ ಹಿಡಿದು ಪಳಗಿದವರು ರಾತ್ರಿ ಪಾಳಿಯಲ್ಲೂ ಇರುತ್ತಾರೆಯೇ ಎಂದು ಮೊದಲು ಯೋಚಿಸಿ.

ಜೀನ್‌ಎಕ್ಸ್‌ಪರ್ಟ್‌ನಲ್ಲಿ 300 ಮೈಕ್ರೋಲೀಟರ್ ಮಾದರಿಯನ್ನು ಕಾರ್ಟ್ರಿಜ್‌ಗೆ ಸುರಿದು ಮುಚ್ಚಿದರೆ ಮುಗಿಯಿತು, ಮಿಕ್ಕದ್ದು ಯಂತ್ರದ್ದು. ಕೋವಿಡ್‌ಗೆ ಸುಮಾರು 45 ನಿಮಿಷ. ಕೋವಿಡ್, ಫ್ಲೂ ಎ, ಫ್ಲೂ ಬಿ, ಉಸಿರಾಟದ ಇನ್ನೊಂದು ವೈರಸ್ಸಾದ ಆರ್‌ಎಸ್‌ವಿ ನಾಲ್ಕನ್ನೂ ಒಟ್ಟಿಗೆ ನೋಡುವ ಕಾರ್ಟ್ರಿಜ್ ಕೂಡ ಇದೆ. ಕಲಿಸಲು ಅರ್ಧ ದಿನ ಸಾಕು. ಬದಲಿಗೆ ಎ.ಸಿ., ಯುಪಿಎಸ್, ವರ್ಷಾವರ್ಷ ಕ್ಯಾಲಿಬ್ರೇಷನ್ ಬೇಕು. ಕಾರ್ಟ್ರಿಜ್ ಬೆಲೆಯೂ ಹೆಚ್ಚು.

ಯಾವುದೇ ಆಗಲಿ, ಒಂದು ಮಾದರಿಗೆ ಒಂದು ಖಾನೆ. ನಾಲ್ಕು ಖಾನೆಯ ಯಂತ್ರಕ್ಕೆ ಒಮ್ಮೆಲೇ ಹತ್ತು ಸ್ವಾಬ್ ಬಂದರೆ ಒಂಬತ್ತನೆಯವರ ‘45 ನಿಮಿಷ’ ಎರಡು ಗಂಟೆ ದಾಟುತ್ತದೆ. ಆದ್ದರಿಂದ ಯಂತ್ರ ಬಂದ ಮೇಲೂ ಕಾರ್ಡ್ ಬಿಡಬೇಡಿ. ಮೊದಲು ಕಾರ್ಡ್, ಅಲೆ ಜೋರಾಗಿರುವಾಗ ಪಾಸಿಟಿವ್ ಆದವರಿಗೆ ಅಲ್ಲಿಗೇ ತೀರ್ಮಾನ, ಲಕ್ಷಣವಿದ್ದು ನೆಗೆಟಿವ್ ಆದವರ ಸ್ವಾಬ್ ಮಾತ್ರ ಯಂತ್ರಕ್ಕೆ. ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳನ್ನು ಒಂದೇ ಏಟಿಗೆ ಹುಡುಕುವ ದುಬಾರಿ ಪ್ಯಾನೆಲ್‌ಗಳ ಮಾರಾಟಗಾರರೂ ನಿಮ್ಮಲ್ಲಿಗೆ ಬರುತ್ತಾರೆ. ಐಸಿಯುನ ಗಂಭೀರ ರೋಗಿಗೆ, ಪ್ರತಿರೋಧ ಶಕ್ತಿ ಕುಂದಿದವರಿಗೆ ಅದು ಸರಿ. ಪ್ರತಿ ಜ್ವರಕ್ಕೂ ಮಾಡಿಸಿದರೆ ಹಳೆಯ ನೆಗಡಿಯ ರೈನೋವೈರಸ್ ಪಾಸಿಟಿವ್ ಬಂದು, ಅದರಿಂದ ಏನು ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ.

ಜ್ವರ ಬಂದ ಎರಡನೇ ದಿನ ಡೆಂಗಿ ಕಾರ್ಡ್ ನೆಗೆಟಿವ್. ಆರನೇ ದಿನಕ್ಕೆ ಪ್ಲೇಟ್‌ಲೆಟ್ ಇಳಿದು ಮತ್ತೆ ಮಾಡಿಸಿದರೆ ಎನ್‌ಎಸ್1 ನೆಗೆಟಿವ್, ಐಜಿಎಂ ಪಾಸಿಟಿವ್. ಯಾವುದನ್ನು ನಂಬಬೇಕು?
— ಓದುಗರು, ತೀರ್ಥಹಳ್ಳಿ

ಎರಡನ್ನೂ, ದಿನದ ಲೆಕ್ಕ ಹಿಡಿದು. ಎನ್‌ಎಸ್1 ವೈರಸ್‌ನದೇ ಪ್ರೋಟೀನು. ಮೊದಲ ದಿನದಿಂದ ಐದನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಹಿಂದೊಮ್ಮೆ ಡೆಂಗಿ ಬಂದುಹೋದವರಲ್ಲಿ ಇನ್ನೂ ಬೇಗ ಮಾಯವಾಗಬಹುದು. ಐಜಿಎಂ ನಮ್ಮ ದೇಹ ಮಾಡುವ ಪ್ರತಿಕಾಯ. ಸುಮಾರು ಐದನೇ ದಿನದಿಂದ ಸಿಗತೊಡಗುತ್ತದೆ. ಆದ್ದರಿಂದಲೇ ಚೀಟಿಯಲ್ಲಿ ‘ಜ್ವರ ಎಷ್ಟನೇ ದಿನ’ ಎಂದು ಬರೆಯದೆ ಕಳಿಸಿದ ರಕ್ತಕ್ಕೆ ಅರ್ಧ ಬೆಲೆ. ಕಾರ್ಡ್‌ಗೆ ಎರಡು ಕಿಟಕಿಗಳಿದ್ದರೆ ಎನ್‌ಎಸ್1 ಕಡೆಗೆ ಮೂರು ಹನಿಯಷ್ಟು, ಪ್ರತಿಕಾಯದ ಕಡೆಗೆ ಬರೀ 10 ಮೈಕ್ರೋಲೀಟರ್ ಬೇಕಾಗುವುದು ಸಾಮಾನ್ಯ. ಇದು ಅದಲುಬದಲಾದರೆ ಎರಡೂ ಕಡೆ ಸುಳ್ಳು. ಸರ್ಕಾರದ ಲೆಕ್ಕದಲ್ಲಿ ಖಚಿತ ಡೆಂಗಿ ಎನ್ನಲು ಲ್ಯಾಬಿನಲ್ಲಿ ಮಾಡುವ ಎಲೈಸಾ ರಕ್ತಪರೀಕ್ಷೆ ಬೇಕು, ಕಾರ್ಡ್ ಸಾಲದು. ಕರ್ನಾಟಕ ಸರ್ಕಾರ 2024ರ ಜುಲೈನಲ್ಲಿ ಖಾಸಗಿಯವರಿಗೆ ದರ ಕಟ್ಟಿತು: ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಕಾರ್ಡ್‌ಗೆ 250.

ಡೆಂಗಿ ಕೆಮ್ಮಿನಿಂದ ಹರಡದು. ಪ್ರತ್ಯೇಕ ಕೋಣೆ ಬೇಡ, ಸೊಳ್ಳೆಪರದೆ ಬೇಕು. ಇಲ್ಲಿ ಹಾಸಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಾರ್ಡ್ ಅಲ್ಲ, ಅಪಾಯದ ಚಿಹ್ನೆಗಳು: ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನ ರಕ್ತ, ಮಂಪರು ಅಥವಾ ಚಡಪಡಿಕೆ, ಪ್ಲೇಟ್‌ಲೆಟ್ ಇಳಿಯುತ್ತಿದ್ದಂತೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುವುದು. ನೆಂಟರೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದೇ ಕೇಳುತ್ತಾರೆ. ರಕ್ತನಾಳದಿಂದ ನೀರು ಸೋರುತ್ತಿದೆ ಎಂದು ಹೇಳುವುದು ಹಿಮಟೋಕ್ರಿಟ್. ಜ್ವರ ಬಿಟ್ಟಿತೆಂದು ಸಮಾಧಾನಪಡುವ ಆ ಒಂದೆರಡು ದಿನಗಳೇ ಹೆಚ್ಚು ಅಪಾಯದವು.

ನೀವು ಮಲೆನಾಡಿನವರಾದ್ದರಿಂದ ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ, ಕಾಡಿಗೆ ಹೋಗಿಬಂದವರಿಗೆ, ಉಣುಗು ಕಚ್ಚಿದವರಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ, ಡೆಂಗಿ ಕಾರ್ಡ್ ನೆಗೆಟಿವ್ ಬಂದಿತೆಂದು ಮನೆಗೆ ಕಳಿಸಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಹೀಗೇ ಶುರುವಾಗುತ್ತದೆ. ಡೆಂಗಿ ಕಾರ್ಡ್ ಅದನ್ನು ಕಾಣದು. ರಕ್ತವನ್ನು ತಣ್ಣಗೆ ಕಾಪಾಡಿ ಪಿಸಿಆರ್‌ಗೆ ಕಳಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಅವರೇ ಕಳಿಸುತ್ತಾರೆ. ಮಲೇರಿಯಾ, ಇಲಿಜ್ವರವನ್ನೂ ಮರೆಯಬಾರದು.

ಪಾಸಿಟಿವ್ ಆದವರು ಗುಣವಾದ ಮೇಲೆ ನೆಗೆಟಿವ್ ಬರುವವರೆಗೆ ಸಾಮಾನ್ಯ ವಾರ್ಡಿಗೆ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ಸರಿಯೇ?
— ಗೃಹವೈದ್ಯ, ಬೆಂಗಳೂರು

ಪಿಸಿಆರ್ ಸತ್ತ ವೈರಸ್‌ನ ತುಣುಕನ್ನೂ ವಾರಗಟ್ಟಲೆ ಹಿಡಿಯುತ್ತದೆ. ಅದು ನೆಗೆಟಿವ್ ಆಗಲೆಂದು ಕಾದರೆ ಹಾಸಿಗೆಗಳು ಖಾಲಿಯಾಗುವುದಿಲ್ಲ. ಕೋವಿಡ್‌ನಲ್ಲಿ ಈ ಕಾರಣಕ್ಕೇ ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮೇ 8ರ ಹೊಸ ನೀತಿ, ಲಘು ಮತ್ತು ಮಧ್ಯಮ ರೋಗಿಗಳ ಬಿಡುಗಡೆಗೆ ಮರುಪರೀಕ್ಷೆಯನ್ನು ಕೈಬಿಟ್ಟು, ಲಕ್ಷಣ ಶುರುವಾಗಿ ಕಳೆದ ದಿನಗಳನ್ನೂ ಜ್ವರ ಬಿಟ್ಟ ದಿನಗಳನ್ನೂ ಎಣಿಸುವ ಕ್ರಮ ತಂದಿತು. ಕಿಮೊಥೆರಪಿಯಲ್ಲಿರುವವರು, ಅಂಗ ಕಸಿಯಾದವರು ಇದಕ್ಕೆ ಹೊರತು. ಅವರಲ್ಲಿ ಜೀವಂತ ವೈರಸ್ ಬಹಳ ದಿನ ಉಳಿಯಬಹುದು.

ಕಾರ್ಡ್‌ನಲ್ಲಿ ‘ಫ್ಲೂ ಎ’ ಗೆರೆ ಬಂದರೆ ಅದು ಎಚ್1ಎನ್1 ಎಂದೇ ಅರ್ಥವೇ? ಔಷಧಕ್ಕೆ ಲ್ಯಾಬ್ ವರದಿವರೆಗೆ ಕಾಯಬೇಕೇ?
— ಔಷಧಿ ಅಂಗಡಿಯವರು, ಚಿತ್ರದುರ್ಗ

ಇಲ್ಲ. ಕಾರ್ಡ್ ‘ಎ’ ಎಂದಷ್ಟೇ ಹೇಳುತ್ತದೆ; ಅದರಲ್ಲಿ ಎಚ್1ಎನ್1 ಬಗೆಯೋ ಎಚ್3ಎನ್2 ಬಗೆಯೋ ಎಂದು ಪಿಸಿಆರ್ ಹೇಳಬೇಕು. ಚಿಕಿತ್ಸೆ ಎರಡಕ್ಕೂ ಒಂದೇ. ವಯಸ್ಕರಿಗೆ ಒಸೆಲ್ಟಾಮಿವಿರ್ 75 ಮಿ.ಗ್ರಾಂ. ದಿನಕ್ಕೆರಡು ಸಲ, ಐದು ದಿನ; ಮೂತ್ರಪಿಂಡ ದುರ್ಬಲವಾಗಿದ್ದರೆ ಕಡಿಮೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಗುಣ. ಆಸ್ಪತ್ರೆ ಸೇರಿದ ಗಂಭೀರ ರೋಗಿಗೆ ಆ ಗಡುವು ಮೀರಿದ್ದರೂ, ವರದಿ ಬಾರದಿದ್ದರೂ ವೈದ್ಯರು ಶುರು ಮಾಡುತ್ತಾರೆ. ಅಂಗಡಿಯಲ್ಲಿ ಮಾತ್ರ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ.